ಹಸಿರು ಚುಕ್ಕೆ

ಮೂರನೆಯ ಡಬ್ಬಿಗೆ ಅಯಸ್ಕಾಂತ ತಾಗಿಸಿದ್ದೆನೋ ಇಲ್ಲವೋ? ತಾಗಿಸಿದ್ದರೆ ಕೈಗೆ ಅದರ ನೆನಪಿರಬೇಕಿತ್ತು. ಬೋಲ್ಟಿನ ತಣ್ಣನೆಯ ತಲೆ, ಅದಕ್ಕೆ ಅಂಟದೆ ಜಾರಿಹೋಗುವ ಅಯಸ್ಕಾಂತ, ಆಮೇಲೆ ಹಸಿರು ಬಣ್ಣದ ಸಣ್ಣ ಕುಂಚ. ಕುಂಚ ನೆನಪಿತ್ತು. ಡಬ್ಬಿಯ ಮುಚ್ಚಳದ ಮೇಲೆ ಇಟ್ಟ ಚುಕ್ಕೆಯೂ ನೆನಪಿತ್ತು. ನಡುವಿನದ್ದು ಮಾತ್ರ ಇರಲಿಲ್ಲ. ನಾಲ್ಕು ವರ್ಷ ಅದನ್ನೇ ಕೆದಕಿ ಕೆದಕಿ, ಈಗ ತಾಗಿಸಿದಂತೆಯೂ ನೆನಪಾಗುತ್ತಿತ್ತು, ತಾಗಿಸದಂತೆಯೂ ನೆನಪಾಗುತ್ತಿತ್ತು. ಎರಡೂ ಅಷ್ಟೇ ನಿಚ್ಚಳವಾಗಿ. ಅವನು ಲಾಡ್ಜಿನ ಬಚ್ಚಲಲ್ಲಿ ಬೋರಲು ಹಾಕಿದ ಬಕೆಟ್ಟಿನ ಮೇಲೆ ನಿಂತು, ಗೋಡೆಯ ಕಿಂಡಿಗೆ ಮುಖ ಒತ್ತಿ ಹೊರಗೆ ನೋಡುತ್ತಿದ್ದ. ಎರಡು ಕಟ್ಟಡಗಳ ನಡುವೆ ಕೈಯಗಲದಷ್ಟು ಸಮುದ್ರ. ಅದರ ಎಡಕ್ಕೆ ಬಂಡೆಯ ಮೇಲೆ ಎದ್ದ ದೊಡ್ಡ ಹೋಟೆಲಿನ ಒಂದು ಮೂಲೆ, ತಾರಸಿಯ ಅಂಚಿನಲ್ಲಿ ಬೆಳಗಿನ ಬಿಸಿಲಿಗೆ ಹೊಳೆಯುವ ಒಂದು ಗೆರೆ. ಆ ಗೆರೆಯನ್ನು ಅವನು ನಿನ್ನೆ ಸಂಜೆ ಬಂದಾಗಿನಿಂದ ಮೂರು ಸಲ ಹತ್ತಿ ನೋಡಿದ್ದ.

"ರೀ, ಸಮುದ್ರ ಇನ್ನೂ ಇದೆಯಾ?" ಹೆಂಡತಿ ಹೊರಗಿನಿಂದ ಕೇಳಿದಳು.

"ಇದೆ."

"ಇದ್ರೆ ಇಳೀರಿ. ನಮಗೂ ಸ್ನಾನಕ್ಕೆ ಬಕೆಟ್ ಬೇಕು."

ಅತ್ತೆ ನಕ್ಕಿದ್ದು ಕೇಳಿಸಿತು. ಸಮುದ್ರ ಕಾಣುವ ರೂಮು ಎಂದೇ ಲಾಡ್ಜಿನ ಯಜಮಾನಿ ಫೋನಿನಲ್ಲಿ ಹೇಳಿದ್ದಳು. ಬಂದು ನೋಡಿದರೆ ಕಿಟಕಿಯ ಎದುರಿಗೆ ದೊಡ್ಡ ಹೋಟೆಲಿನ ಬಟ್ಟೆ ಒಗೆಯುವ ಅಂಗಳ, ಹಗ್ಗದ ಮೇಲೆ ಸಾಲುಸಾಲು ಬಿಳಿ ಹಾಸುಗಳು. ಕೇಳಿದ್ದಕ್ಕೆ ಆಕೆ ಒಂದಿಷ್ಟೂ ಅಳುಕದೆ, "ಕಾಣುತ್ತಲ್ಲ ಸ್ವಾಮಿ, ಬಚ್ಚಲಲ್ಲಿ ಬಕೆಟ್ ಬೋರಲು ಹಾಕಿ ನಿಂತ್ಕೊಳ್ಳಿ, ಕಾಣದಿದ್ರೆ ಕೇಳಿ" ಅಂದಿದ್ದಳು. ಜಗಳಕ್ಕೆ ನಿಲ್ಲಬಹುದಿತ್ತು. ಅವನು "ಸರಿ ಸರಿ" ಎಂದು ಚೀಲ ಒಳಗಿಟ್ಟ. ಹೆಂಡತಿ ಅದನ್ನೇ ತಮಾಷೆ ಮಾಡಿಕೊಂಡು, ನಿನ್ನೆ ಸಂಜೆ ಒಬ್ಬೊಬ್ಬರನ್ನೇ ಬಕೆಟ್ಟಿಗೆ ಹತ್ತಿಸಿ ಸಮುದ್ರ ತೋರಿಸಿದ್ದಳು. ಮದುವೆಯಾಗಿ ಹನ್ನೊಂದು ವರ್ಷಕ್ಕೆ ಮೊದಲ ಪ್ರವಾಸ. ಜನ ಬಾರದ ತಿಂಗಳು, ಅರ್ಧ ಬಾಡಿಗೆ, ಒಂದೇ ರೂಮಿನಲ್ಲಿ ನಾಲ್ಕು ಜನ, ಮನೆಯಿಂದ ಕಟ್ಟಿಕೊಂಡು ಬಂದ ತಿಂಡಿಯ ಡಬ್ಬಗಳು. ಇದೆಲ್ಲ ಅವಳದೇ ಲೆಕ್ಕಾಚಾರ. ಈ ಊರೂ ಅವಳದೇ ಆಯ್ಕೆ. ಬೇಡ ಅನ್ನಲು ಅವನಿಗೆ ಕಾರಣ ಬೇಕಿತ್ತು. ಇದ್ದ ಕಾರಣ ಒಂದೇ.

ಅವರ ಅಡುಗೆಮನೆಯ ಗೋಡೆಯ ಮೇಲೆ ನಾಲ್ಕು ವರ್ಷ ಹಳೆಯ ಕ್ಯಾಲೆಂಡರೊಂದಿತ್ತು. ತಾರೀಕುಗಳನ್ನು ಹೆಂಡತಿ ಕತ್ತರಿಸಿ ತೆಗೆದು ಚಿತ್ರ ಮಾತ್ರ ಉಳಿಸಿಕೊಂಡಿದ್ದಳು. ಸಂಜೆಯ ಬೆಳಕಿನಲ್ಲಿ ಈ ಹೋಟೆಲಿನ ತಾರಸಿ, ಬಿಳಿ ಉಡುಪಿನ ಹೆಂಗಸೊಬ್ಬಳು ಉಕ್ಕಿನ ರೇಲಿಂಗಿಗೆ ಮೊಣಕೈ ಊರಿ ನಿಂತಿರುವುದು, ಕೆಳಗೆ ವರ್ಕ್‌ಶಾಪಿನ ಹೆಸರು. ಅವನು ಆ ವರ್ಕ್‌ಶಾಪಿನಲ್ಲಿ ಸ್ಟೋರು ನೋಡಿಕೊಳ್ಳುವವನು. ಹೊರಗಿನಿಂದ ಬರುವ ಸಾಮಾನು ಸರಿಯಿದೆಯೇ ಎಂದು ಪರೀಕ್ಷಿಸಿ ಒಳಗೆ ಬಿಡುವವನು. ವೆಲ್ಡಿಂಗ್ ಬರುವುದಿಲ್ಲ, ಬಾಗಿಸುವುದು ಬರುವುದಿಲ್ಲ. ಆದರೂ ಮನೆಗೆ ಬಂದವರಿಗೆಲ್ಲ ಹೆಂಡತಿ ಆ ಚಿತ್ರ ತೋರಿಸಿ "ಇವರದೇ ಕೆಲಸ" ಎನ್ನುವಾಗ ಅವನು ತಿದ್ದುತ್ತಿರಲಿಲ್ಲ. ಒಗ್ಗರಣೆಯ ಹೊಗೆಗೆ ಚಿತ್ರ ಹಳದಿಯಾಗುತ್ತ ಬಂದಿತ್ತು. ಬಿಳಿ ಉಡುಪಿನ ಹೆಂಗಸು ದಿನವೂ, ಅವನು ಊಟಕ್ಕೆ ಕೂತಾಗಲೆಲ್ಲ, ಇನ್ನೊಂದಿಷ್ಟು ಹೊರಕ್ಕೆ ವಾಲಿದಂತೆ ಕಾಣುತ್ತಿದ್ದಳು.

ಸ್ನಾನಕ್ಕೆ ಬಕೆಟ್ ಬಿಟ್ಟುಕೊಟ್ಟು ಮಂಚದ ತುದಿಯಲ್ಲಿ ಕೂತು ಅವನು ಜೇಬು ಮುಟ್ಟಿಕೊಂಡ. ಅಯಸ್ಕಾಂತ ಇತ್ತು. ಹಳೆಯ ಸ್ಪೀಕರಿನಿಂದ ಒಡೆದು ತೆಗೆದು ಬಟ್ಟೆಯ ಪಟ್ಟಿ ಸುತ್ತಿದ, ಹೆಬ್ಬೆರಳಿನ ಉಗುರಿನಷ್ಟು ಚೂರು. ಒಳ್ಳೆಯ ಉಕ್ಕಿಗೆ ಅದು ಅಂಟುವುದಿಲ್ಲ. ಹೊಳಪಿನ ಲೇಪ ಕೊಟ್ಟ ಸಾಧಾರಣ ಕಬ್ಬಿಣಕ್ಕೆ ಟಕ್ಕನೆ ಕಚ್ಚಿಕೊಳ್ಳುತ್ತದೆ. ಕಣ್ಣಿಗೆ ಎರಡೂ ಒಂದೇ. ಡಬ್ಬಿಯಿಂದ ಹತ್ತು ಬೋಲ್ಟು ತೆಗೆದು ತಾಗಿಸಿ, ಅಂಟದಿದ್ದರೆ ಮುಚ್ಚಳಕ್ಕೆ ಹಸಿರು ಚುಕ್ಕೆ. ಇದು ಅವನೇ ಮಾಡಿಕೊಂಡ ಪದ್ಧತಿ, ಇನ್ನೊಬ್ಬರು ಹೇಳಿದ್ದಲ್ಲ. ಹಿರಿಯ ಫಿಟ್ಟರ್ ಅವನಿಗೆ ಡಾಕ್ಟರ್ ಎಂದು ಹೆಸರಿಟ್ಟಿದ್ದ. ಹೋಟೆಲಿನ ಕೆಲಸಕ್ಕೆ ಮೂರು ಡಬ್ಬಿ ಬಂದ ದಿನ ಅವನು ಎರಡನ್ನು ಮುಗಿಸಿ ಮೂರನೆಯದಕ್ಕೆ ಕೈ ಹಾಕಿದ್ದ. ವರ್ಕ್‌ಶಾಪಿನ ಯಜಮಾನರು ಹೋಟೆಲಿನ ಕಡೆಯವರೊಬ್ಬರನ್ನು ಕರೆದುಕೊಂಡು ಆಗಲೇ ಒಳಗೆ ಬಂದರು. ಫಿಟ್ಟರ್ ಎಲ್ಲರಿಗೂ ಕೇಳುವಂತೆ, "ಏನ್ ಡಾಕ್ಟ್ರೇ, ರೋಗಿಗೆ ಜ್ವರ ಇಳೀತಾ? ಇಲ್ಲ ಬೋಲ್ಟ್ ನಾಲಿಗೆ ತೋರಿಸ್ಬೇಕಾ?" ಅಂದ. ವೆಲ್ಡಿಂಗ್ ಮಾಡುತ್ತಿದ್ದವರು ಕನ್ನಡಕ ಮೇಲೆತ್ತಿ ನಕ್ಕರು. ಬಂದವರೂ ನಕ್ಕರು. ಯಜಮಾನರು ನಗುತ್ತಲೇ, "ನಮ್ಮ ಡಾಕ್ಟ್ರು ಪಾಸ್ ಮಾಡಿದ್ರೆ ಮುಗೀತು, ಬ್ರಹ್ಮ ಬಂದ್ರೂ ಕೇಳೋ ಹಾಗಿಲ್ಲ" ಅಂದರು. ಅವನೂ ನಕ್ಕಿದ್ದ. ಕಿವಿ ಬಿಸಿಯಾಗಿತ್ತು. ಆಮೇಲೆ ಕುಂಚ. ಕುಂಚ ಸ್ಪಷ್ಟವಾಗಿತ್ತು: ಮೂರನೆಯದಕ್ಕೂ ಒಂದು ಚುಕ್ಕೆ, ಕೈ ಝಾಡಿಸಿ, ನಾನೂ ಅಂಥ ಪುಕ್ಕಲನಲ್ಲ ಎಂಬಂತೆ.

ಅಷ್ಟಕ್ಕೇ ಮುಗಿದಿದ್ದರೆ ಮರೆಯುತ್ತಿದ್ದನೇನೋ. ಆರು ತಿಂಗಳ ಮೇಲೆ ಒಂದು ಗೋದಾಮಿನ ಶಟರಿಗೆ ಬೋಲ್ಟು ತೆಗೆಯಲು ಹೋದಾಗ, ಸಾಧಾರಣ ಬೋಲ್ಟಿನ ಡಬ್ಬಿ ಇರಬೇಕಾದ ಕಡೆ ಅಯಸ್ಕಾಂತ ಅಂಟದ, ಒಳ್ಳೆಯ ಉಕ್ಕಿನ ಡಬ್ಬಿ ಸಿಕ್ಕಿತು. "ಶಟರಿಗೆ ಬೆಳ್ಳಿ ಬೋಲ್ಟ್ ಹಾಕೋ ಮಹಾರಾಜರು ನಾವೇ ಕಣ್ರೋ" ಎಂದು ಫಿಟ್ಟರ್ ನಗಿಸಿದ. ಒಳ್ಳೆಯದು ಇಲ್ಲಿ ಉಳಿದಿದ್ದರೆ ಕೆಟ್ಟದ್ದು ಎಲ್ಲಿ ಹೋಯಿತು ಎಂದು ಯಾರೂ ಕೇಳಲಿಲ್ಲ. ಅವನು ಕೇಳಿಕೊಂಡ. ಸ್ಟೋರಿನ ಕತ್ತಲೆಯಲ್ಲಿ ಡಬ್ಬಿ ಹಿಡಿದುಕೊಂಡು ನಿಂತು ಕೇಳಿಕೊಂಡ, ಉತ್ತರ ಹೊಳೆಯಿತು, ಹೊರಗೆ ಬಂದು ಎಲ್ಲರ ಜೊತೆ ನಕ್ಕ.

"ಅಳಿಯಂದ್ರೇ, ಹೊಟ್ಟೆ ನೋವಾ?" ಎಂದು ಅತ್ತೆ ಕೇಳಿದಾಗ ತಾನು ಅಷ್ಟು ಹೊತ್ತೂ ಜೇಬನ್ನು ಹಿಡಿದುಕೊಂಡೇ ಕೂತಿರುವುದು ಗೊತ್ತಾಯಿತು.

ಮಧ್ಯಾಹ್ನದವರೆಗೆ ಅವರು ಮರಳಿನ ಮೇಲೆ ಓಡಾಡಿದರು. ಊರು ಚೆಂದವಿತ್ತು, ತಮ್ಮದಲ್ಲದ ಮನೆಯ ಹಜಾರ ಚೆಂದವಿರುವ ಹಾಗೆ. ಗಾಜಿನ ಅಂಗಡಿಗಳು, ಗಾಜಿನ ಆಚೆಗೆ ಬೆಲೆಚೀಟಿಯನ್ನು ಮಗುಚಿಟ್ಟ ಚಪ್ಪಲಿಗಳು. ಸದ್ದೇ ಮಾಡದೆ ಹೊರಳುವ ಕಾರುಗಳು. ಬಿಸಿಲಲ್ಲೂ ಬೆವರದ ಜನ. ಗಾಳಿ ಮಾತ್ರ ಎಲ್ಲರಿಗೂ ಒಂದೇ ಆಗಿತ್ತು. ತುಟಿ ಸವರಿಕೊಂಡರೆ ಉಪ್ಪು. ಅವನು ದಾರಿಯುದ್ದಕ್ಕೂ ಬೀದಿದೀಪದ ಕಂಬಗಳ ಬುಡ ನೋಡುತ್ತ ನಡೆದ. ಬಣ್ಣ ಬೊಬ್ಬೆಯೆದ್ದು, ಬೊಬ್ಬೆ ಒಡೆದು, ಒಳಗಿನ ಕಬ್ಬಿಣ ಮರದ ತೊಗಟೆಯಂತೆ ಪದರಪದರವಾಗಿ ಏಳುತ್ತಿತ್ತು. ನಾಲ್ಕು ವರ್ಷ. ಈ ಗಾಳಿಯಲ್ಲಿ ನಾಲ್ಕು ವರ್ಷ ಎಂದರೆ ಎಷ್ಟು ಎಂದು ಅವನ ಕಣ್ಣು ಲೆಕ್ಕ ಹಾಕುತ್ತಿತ್ತು. ಹೆಂಡತಿ, "ತಲೆ ಎತ್ತಿ ನೋಡ್ರೀ, ಸಮುದ್ರ ಆ ಕಡೆ ಇದೆ" ಅಂದಳು.

ದೊಡ್ಡ ಹೋಟೆಲಿನ ಕೆಳಗೆ ನೀಲಿ ಪಟ್ಟೆಯ ಕೊಡೆಗಳು, ಅವುಗಳಡಿ ಉದ್ದನೆಯ ಕುರ್ಚಿಗಳು ಖಾಲಿ ಬಿದ್ದಿದ್ದವು. ಅತ್ತೆ ಹೋಗಿ ಒಂದರಲ್ಲಿ ಕೂತುಬಿಟ್ಟರು. ಎಲ್ಲಿದ್ದನೋ, ಕಾವಲುಗಾರ ಬಂದ.

"ಅಜ್ಜಿ, ಇದು ಹೋಟೆಲ್ ಗೆಸ್ಟ್‌ಗಳಿಗೆ."

"ಅವರು ಬಂದ ಮೇಲೆ ಏಳ್ತೀನಪ್ಪ. ಖಾಲಿ ಕುರ್ಚಿ ಕಾಯೋಕೆ ನಿನಗೆ ಸಂಬಳ, ನಿಂತ್ರೆ ನನಗೆ ಮಂಡಿ ನೋವು. ಇಬ್ಬರದೂ ನಡೀಲಿ ಬಿಡು."

"ಸಾರಿ, ಸಾರಿ" ಅಂದದ್ದು ಕಾವಲುಗಾರನಲ್ಲ, ಅವನು. ಅಷ್ಟರಲ್ಲಿ ಅತ್ತೆಯ ತೋಳು ಹಿಡಿದು ಎಬ್ಬಿಸಿಯೂ ಆಗಿತ್ತು. ಕಾವಲುಗಾರ ಇನ್ನೇನು ನಗುವುದರಲ್ಲಿದ್ದ, ಪಾಪ, ಬಿಟ್ಟುಬಿಡುವುದರಲ್ಲಿದ್ದ. ಅವನ ಸಾರಿ ಕೇಳಿದ ಮೇಲೆ ಮುಖ ಗಂಟಿಕ್ಕಿಕೊಂಡು ಕುರ್ಚಿಯ ಮೇಲಿನ ಮರಳು ಕೊಡವಿದ. ಹೆಂಡತಿ ಅಮ್ಮನ ಕೈಯನ್ನು ತಾನು ಹಿಡಿದುಕೊಂಡಳು. ತಲೆಯ ಮೇಲೆ, ಬಂಡೆಯಿಂದ ಹೊರಕ್ಕೆ ಚಾಚಿದ ತಾರಸಿಯ ಅಡಿ ಕಾಣುತ್ತಿತ್ತು. ಅದರ ನಡುಭಾಗ ಹೊಟ್ಟೆಯಂತೆ ಉಬ್ಬಿ ಮುಂದಕ್ಕೆ ಬಂದಿತ್ತು. ನೇರ ಕೆಳಗೆ ಕಪ್ಪು ಬಂಡೆಗಳು. ಅಲೆ ಹಿಂದೆ ಸರಿದಾಗ ಅವು ಹಲ್ಲು ಕಿರಿದಂತೆ ಹೊರಬಂದು ಮತ್ತೆ ಮುಳುಗುತ್ತಿದ್ದವು. ಎಷ್ಟು ಎತ್ತರ ಎಂದು ಅವನು ಕಣ್ಣಳತೆ ಮಾಡಿದ. ಮಾಡಬಾರದಿತ್ತು.

ನಾಲ್ಕು ಗಂಟೆಯ ಮೇಲೆ ಹೊರಗಿನವರನ್ನೂ ತಾರಸಿಗೆ ಬಿಡುತ್ತಾರೆ, ಏನಾದರೂ ಕುಡಿಯಲು ತೆಗೆದುಕೊಂಡರೆ ಸಾಕು ಎಂದು ಹೆಂಡತಿ ಮೊದಲೇ ವಿಚಾರಿಸಿಟ್ಟಿದ್ದಳು. ಇಡೀ ಪ್ರವಾಸವೇ ಅದಕ್ಕಾಗಿ. ಲಾಡ್ಜಿಗೆ ಹೋಗಿ ಮದುವೆಮನೆಗಳಿಗೆಂದು ಇಟ್ಟಿದ್ದ ಸೀರೆ ಉಟ್ಟುಕೊಂಡು, ಮಗಳಿಗೆ ಎರಡು ಜಡೆ ಹಾಕಿ, ಅವನ ಕಾಲರನ್ನು ತಾನೇ ಸರಿಮಾಡಿ, "ಎರಡು ಕಾಫಿ, ಗುಬ್ಬಿಗೆ ಒಂದು ಜ್ಯೂಸು. ಅಮ್ಮ ನಂದರಲ್ಲೇ ಕುಡೀತಾರೆ. ಮೆನು ನೋಡಿ ಬೆಚ್ಚಿಬಿದ್ದ ಹಾಗೆ ಮಾಡಬೇಡಿ, ಓದೋ ಥರ ಮಾಡಿ" ಅಂದಳು. ಗುಬ್ಬಿ ಎಂದರೆ ಮಗಳು. ಒಂಬತ್ತು ವರ್ಷ, ಒಂದು ಕಡೆ ಕೂರುವವಳಲ್ಲ.

ತಾರಸಿಯ ಅಂಚಿನ ಟೇಬಲ್ಲುಗಳೆಲ್ಲ ರೂಮಿನವರಿಗೆ ಎಂದು ವೇಟರ್ ಅವರನ್ನು ಒಳಬಾಗಿಲ ಹತ್ತಿರದ ಮೂಲೆಗೆ ಕರೆದೊಯ್ದ. ಅವನ ಎದೆ ಹಗುರಾಯಿತು. ಆ ಮೂಲೆ ಎಷ್ಟು ಚೆನ್ನಾಗಿತ್ತು! ಮೂರು ಕಡೆ ಗೋಡೆ. ಆದರೆ ಹೆಂಡತಿ ಕೂರಲಿಲ್ಲ.

"ನೋಡಿ, ಈ ರೇಲಿಂಗು ಮಾಡಿದ್ದು ಇವರೇ" ಅಂದಳು, ನಾಲ್ಕು ವರ್ಷ ಅಡುಗೆಮನೆಯಲ್ಲಿ ಹೇಳಿಕೊಂಡು ಬಂದದ್ದನ್ನು ಈಗ ಅದರ ಎದುರಿಗೇ ನಿಂತು ಹೇಳುವ ಹಿಗ್ಗಿನಲ್ಲಿ. "ಅದನ್ನ ನೋಡೋಕೇ ಅಷ್ಟು ದೂರದಿಂದ ಬಂದ್ವಿ."

ವೇಟರ್ ತಲೆ ನರೆತ ಮನುಷ್ಯ. ಅವನನ್ನು ಚಪ್ಪಲಿಯಿಂದ ಕಾಲರಿನವರೆಗೆ ಒಮ್ಮೆ ನೋಡಿದ. "ಹೌದಾ ಸರ್? ನೀವೇನಾ?"

ಅಲ್ಲ ಎನ್ನಬಹುದಿತ್ತು. ನಾನು ಮಾಡಿದ್ದಲ್ಲ, ನಾನು ಸ್ಟೋರಿನವನು. ಮಗಳು ಅವನ ಮುಖವನ್ನೇ ನೋಡುತ್ತಿದ್ದಳು. "ಹೂಂ" ಅಂದ.

"ಹಾಗಾದ್ರೆ ಬನ್ನಿ ಸರ್, ನಿಮಗಿಲ್ಲದ ಜಾಗ ಇನ್ಯಾರಿಗೆ?" ಎಂದು ವೇಟರ್ ಅವರನ್ನು ಅಂಚಿಗೇ ಕರೆದೊಯ್ದು, ಅತ್ತೆಯ ಕುರ್ಚಿಯನ್ನು ರೇಲಿಂಗಿಗೆ ಬೆನ್ನು ತಾಗುವಂತೆ ಹಾಕಿಕೊಟ್ಟ. ಅತ್ತೆ ಒರಗಿ ಕೂತು, "ಈಗ ಎಬ್ಬಿಸಲಿ ನೋಡೋಣ ಆ ಕುರ್ಚಿ ಕಾಯೋನು" ಅಂದರು. ಅವನ ಹೂಂ ಅವರನ್ನು ಅಲ್ಲಿಗೆ ತಂದು ಕೂರಿಸಿತ್ತು.

ಪ್ರತಿ ಕಂಬದ ಬುಡಕ್ಕೆ ಒಂದು ಚೌಕದ ತಟ್ಟೆ, ತಟ್ಟೆಯ ನಾಲ್ಕು ಮೂಲೆಗೆ ನಾಲ್ಕು ಬೋಲ್ಟು, ಒಂದೊಂದು ಬೋಲ್ಟಿನ ಮೇಲೂ ನಾಣ್ಯದಗಲದ ಹೊಳೆಯುವ ಟೊಪ್ಪಿ. ಟೊಪ್ಪಿ ಅಂದಕ್ಕೆ, ಅದರೊಳಗೆ ಏನಿದೆ ಎಂದು ಹೊರಗೆ ಕಾಣದು. ಕಾಫಿ ಬಂತು. ಅವನು ಚಮಚ ಬೀಳಿಸಿ, ಹುಡುಕಲೆಂದು ಟೇಬಲ್ಲಿನ ಕೆಳಗೆ ಬಗ್ಗಿ, ಅತ್ತೆಯ ಕುರ್ಚಿಯ ಹಿಂದಿನ ಕಂಬದ ಟೊಪ್ಪಿಯೊಂದನ್ನು ಉಗುರಿನಿಂದ ಎಬ್ಬಿದ. ಒಳಗೆ ಬೋಲ್ಟಿನ ತಲೆ, ಸ್ವಲ್ಪ ಕಂದು ಕಲೆ. ಉಪ್ಪುಗಾಳಿಗೆ ಒಳ್ಳೆಯ ಉಕ್ಕೂ ಇಷ್ಟು ಕಲೆಯಾಗುತ್ತದೆ. ಅಯಸ್ಕಾಂತ ತೆಗೆದು ತಾಗಿಸಿದ. ಅದು ಜಾರಿತು. ಇನ್ನೊಮ್ಮೆ ತಾಗಿಸಿದ. ಜಾರಿ ಅವನ ಅಂಗೈಗೇ ಬಿತ್ತು. ಇನ್ನೊಂದು ಟೊಪ್ಪಿ, ಇನ್ನೊಂದು ಬೋಲ್ಟು. ಅಂಟಲಿಲ್ಲ.

"ಚಮಚ ಸಿಕ್ತೇನ್ರೀ? ಇಲ್ಲ ಅಲ್ಲೇ ಮಲಗಿದ್ರಾ?"

ಟೇಬಲ್ಲಿನ ಕೆಳಗಿನಿಂದ ಎದ್ದವನ ಮುಖ ಕಂಡು ಹೆಂಡತಿಗೇ ಆಶ್ಚರ್ಯ. ಅವನು ನಗುತ್ತಿದ್ದ. ಗಟ್ಟಿಯಾಗಿ ನಗುತ್ತಿದ್ದ. ತಾಗಿಸಿದ್ದೆ, ಮೂರನೆಯದಕ್ಕೂ ತಾಗಿಸಿದ್ದೆ. ಕೈ ಮರೆತಿತ್ತು ಅಷ್ಟೇ. ಶಟರಿನ ಡಬ್ಬಿ ಎಲ್ಲಿಂದಲೋ ಬಂದಿತ್ತು, ಎಲ್ಲಿಗೋ ಹೋಗಿತ್ತು. ನಾಲ್ಕು ವರ್ಷದಲ್ಲಿ ಮೊದಲ ಸಲ ಎಂಬಂತೆ ಅವನು ಕಾಫಿಯ ರುಚಿ ನೋಡಿದ. ಅತ್ತೆಗೂ ಒಂದು ಬೇರೆ ಕಾಫಿ ಹೇಳಿದ. "ಇದೇನು, ಸೂರ್ಯ ಈ ಕಡೆ ಹುಟ್ಟಿದ್ನಾ?" ಎಂದರು ಅತ್ತೆ. ಹೆಂಡತಿ ಅವನ ಕೈಯ ಮೇಲೆ ತನ್ನ ಕೈ ಇಟ್ಟಳು, ಹತ್ತು ಜನರ ನಡುವೆ. ಸಮುದ್ರದ ಮೇಲೆ ಬಿಸಿಲು ಅಕ್ಕಿ ಚೆಲ್ಲಿದಂತೆ ಹರಡಿತ್ತು. ಇದಪ್ಪ ಪ್ರವಾಸ, ಎಂದುಕೊಂಡ. ಮಗಳು, "ಅಪ್ಪಾ, ಕೆಳಗೆ ಏನು ಮಾಡ್ತಿದ್ದೆ? ನಾನು ನೋಡಿದೆ" ಎಂದು ಗುಟ್ಟಾಗಿ ಕೇಳಿದಾಗ ಅಯಸ್ಕಾಂತವನ್ನು ಅವಳ ಅಂಗೈಗೆ ಹಾಕಿ, "ತೊಗೋ, ಆಡ್ಕೋ ಹೋಗು" ಅಂದ. ಅದನ್ನು ಅವನು ಯಾರ ಕೈಗೂ ಕೊಟ್ಟವನಲ್ಲ.

ಎಷ್ಟು ಹೊತ್ತು ಹಾಗಿದ್ದನೋ. ಕಾಲು ಗಂಟೆ ಇರಬಹುದು. ನಾಲ್ಕು ವರ್ಷಕ್ಕೆ ಕಾಲು ಗಂಟೆ. ತಾರಸಿಯ ನಡುಭಾಗದಲ್ಲಿ, ಸಮುದ್ರದ ಮೇಲಕ್ಕೆ ಉಬ್ಬಿ ಚಾಚಿದ ಕಡೆ, ಮಗಳು ಕುಕ್ಕರಗಾಲಲ್ಲಿ ಕೂತು ಕೂಗಿದಳು:

"ಅಪ್ಪಾ! ಇಲ್ಲಿ ಅಂಟ್ಕೊಳ್ತಾ ಇದೆ!"

ಅವನು ಕಪ್ಪು ಕೆಳಗಿಟ್ಟ.

"ಇದಕ್ಕೂ ಅಂಟುತ್ತೆ! ಅಪ್ಪಾ, ಇದಕ್ಕೂ!"

ಅವಳ ಹತ್ತಿರ ಹೋಗುವಾಗ ತಾನು ಓಡಬಾರದು ಎಂದು ಎಚ್ಚರ ಮಾಡಿಕೊಂಡ. ಮಗಳು ಟೊಪ್ಪಿ ತೆಗೆದ ಕಡೆ ಬೋಲ್ಟಿನ ತಲೆಯೇ ಉಳಿದಿರಲಿಲ್ಲ. ಊದಿಕೊಂಡ ಕಂದು ಮುದ್ದೆಯೊಂದಿತ್ತು, ಅದಕ್ಕೆ ಅಯಸ್ಕಾಂತ ಉಣ್ಣಿಯಂತೆ ಕಚ್ಚಿಕೊಂಡಿತ್ತು. ಎಳೆದು ಬಿಡಿಸಿದ. ಪಕ್ಕದ ಕಂಬ. ಟಕ್. ಅದರಾಚೆಯದು. ಟಕ್. ಉಬ್ಬಿನ ಉದ್ದಕ್ಕೂ, ಒಂದು ಡಬ್ಬಿ ಮುಗಿಯುವಷ್ಟು ಉದ್ದಕ್ಕೂ. ಹೊರಗಿನಿಂದ ಎಲ್ಲ ಕಂಬವೂ ಕನ್ನಡಿಯಂತೆ ಹೊಳೆಯುತ್ತಿತ್ತು. ಅವನು ಒಂದನ್ನು ಅಂಗೈಯಿಂದ ಮೆಲ್ಲಗೆ ದೂಡಿದ. ಕಂಬ ವಾಲಲಿಲ್ಲ. ವಾಲಲಿಲ್ಲ, ಆದರೆ ವಾಲಲೋ ಬೇಡವೋ ಎಂದು ಒಂದು ಕೂದಲೆಳೆಯಷ್ಟು ಯೋಚಿಸಿತು.

"ಯಾಕೆ ಅಪ್ಪಾ ಆ ಕಡೆ ಅಂಟಲ್ಲ, ಈ ಕಡೆ ಅಂಟುತ್ತೆ?"

"ನೀನು ಅಜ್ಜಿ ಹತ್ತಿರ ಹೋಗು."

"ಹೇಳು ಅಪ್ಪಾ."

"ಹೋಗು ಅಂದ್ನಲ್ಲ."

ಹೇಳಲೇಬೇಕು. ಇಳಿದು ಹೋಗುವ ಮೆಟ್ಟಿಲುಗಳ ಮೇಲೆ ಮೆತ್ತನೆಯ ಹಾಸು; ತನ್ನ ಹೆಜ್ಜೆಯ ಸದ್ದು ತನಗೇ ಕೇಳಿಸಲಿಲ್ಲ. ವಾಕ್ಯವನ್ನು ಜೋಡಿಸಿಕೊಂಡ. ತಾರಸಿಯ ನಡುಭಾಗದ ರೇಲಿಂಗಿನ ಬೋಲ್ಟು ಕೊಳೆತಿವೆ, ಈಗಲೇ ಅಲ್ಲಿ ಹಗ್ಗ ಕಟ್ಟಿ. ಅಷ್ಟೇ, ಒಂದು ಉಸಿರಿನ ಮಾತು. ಅಡ್ಡ ಬರುತ್ತಿದ್ದದ್ದು ಅದರ ಮುಂದಿನ ಪ್ರಶ್ನೆ: ನಿಮಗೆ ಹೇಗೆ ಗೊತ್ತು? ಅದರ ಮುಂದೆ ಯಜಮಾನರು, ನಮ್ಮ ಡಾಕ್ಟ್ರು ಪಾಸ್ ಮಾಡಿದ್ರೆ ಮುಗೀತು ಎಂದವರು. ಮುಚ್ಚಿದ ವರ್ಕ್‌ಶಾಪಿನ ಬಾಗಿಲು. ಅಡುಗೆಮನೆಯ ಗೋಡೆಯ ಮೇಲೆ ಚಿತ್ರ ತೆಗೆದ ಜಾಗದ ಬಿಳಿ ಚೌಕ. ಕೌಂಟರಿನಲ್ಲಿದ್ದ ಹೆಂಗಸು ನಗುತ್ತಲೇ ತಲೆ ಎತ್ತಿದಳು.

"ಹೇಳಿ ಸರ್. ರೂಮ್ ನಂಬರ್?"

"ರೂಮಲ್ಲ... ನಾನು ಹೊರಗಿನವನು. ಮೇಲೆ, ತಾರಸಿಯಲ್ಲಿ, ರೇಲಿಂಗು..."

"ಓ, ನೀವೇನಾ ಸರ್! ವೇಟರ್ ಹೇಳಿದ್ರು, ಅದನ್ನ ಮಾಡಿದವರೇ ಬಂದಿದ್ದಾರೆ ಅಂತ." ಅವಳು ಎದ್ದು ನಿಂತಳು. ಅವನಿಗಾಗಿ ಕೌಂಟರಿನ ಹಿಂದೆ ಇದುವರೆಗೆ ಯಾರೂ ಎದ್ದು ನಿಂತಿರಲಿಲ್ಲ. "ಎಲ್ಲರೂ ಹೊಗಳ್ತಾರೆ ಸರ್. ಇಲ್ಲಿಗೆ ಬಂದವರು ಫೋಟೋ ತೆಗೆಸ್ಕೊಳ್ಳೋದೇ ಅಲ್ಲಿ. ಏನಾದ್ರೂ ಹೇಳಬೇಕಿತ್ತಾ?"

ಬಾಯಿ ತೆರೆದ. ನಾಲಿಗೆಯ ಮೇಲೆ ಉಪ್ಪು.

"ಇಲ್ಲ, ಚೆನ್ನಾಗಿ ಇಟ್ಕೊಂಡಿದ್ದೀರ ಅಂತ ಹೇಳೋಣ ಅಂತ ಬಂದೆ."

"ಅಯ್ಯೋ ಸರ್, ಹಾಗಾದ್ರೆ ನೀವು ಇದರಲ್ಲಿ ಬರೀಲೇಬೇಕು." ಬಂದವರು ಅಭಿಪ್ರಾಯ ಬರೆಯುವ ದಪ್ಪ ಪುಸ್ತಕವನ್ನು ಅವಳು ಅವನ ಕಡೆಗೆ ತಿರುಗಿಸಿ, ಪೆನ್ನಿನ ಮುಚ್ಚಳ ತಾನೇ ತೆಗೆದು ಕೊಟ್ಟಳು. ಅವಳು ನೋಡುತ್ತ ನಿಂತಿದ್ದಳು. ಹಿಂದೆ ಇನ್ನಿಬ್ಬರು ಬಂದು ನಿಂತರು, ಕಾಯುತ್ತ. ಅವನ ಕಿವಿ ಬಿಸಿಯಾಯಿತು. ಕೈ ಬರೆಯಿತು: ರೇಲಿಂಗು ನೋಡಿದೆ, ಭದ್ರವಾಗಿದೆ. ಕೆಳಗೆ ಸಹಿ, ವರ್ಕ್‌ಶಾಪಿನ ಹೆಸರು, ತಾರೀಕು. ಭದ್ರ ಎಂಬ ಮಾತನ್ನು ಅವಳು ಕೇಳಿರಲಿಲ್ಲ. ಚೆಂದವಿದೆ ಎಂದರೂ ಆಗುತ್ತಿತ್ತು. ಪೆನ್ನು ಹಿಂದಕ್ಕೆ ಕೊಡುವಾಗ ಅವನಿಗೆ ಕುಂಚದ ನೆನಪಾಯಿತು, ಆ ದಿನದ್ದು ಈಗ ಇಡಿಯಾಗಿ ನೆನಪಾಯಿತು. ನಡುವೆ ಏನೂ ಇರಲಿಲ್ಲ. ನಗು, ಕಿವಿಯ ಬಿಸಿ, ಕುಂಚ. ಅಷ್ಟೇ.

ಅವನು ಮೇಲೆ ಬರುವಷ್ಟರಲ್ಲಿ ಸೂರ್ಯ ಕೆಂಪಾಗಿ ಕೆಳಗಿಳಿದಿದ್ದ. ಈ ಹೋಟೆಲಿನಲ್ಲಿ ಒಂದು ಪದ್ಧತಿ ಇತ್ತು: ಸೂರ್ಯ ನೀರಿಗೆ ತಾಗಿದಾಗ ಒಬ್ಬ ಹಿತ್ತಾಳೆಯ ಗಂಟೆ ಬಾರಿಸುತ್ತಾನೆ, ಕೂತವರೆಲ್ಲ ಲೋಟ ಹಿಡಿದುಕೊಂಡು ಅಂಚಿಗೆ ಬಂದು ನಿಲ್ಲುತ್ತಾರೆ, ಮುಳುಗಿದ ಮೇಲೆ ಚಪ್ಪಾಳೆ ತಟ್ಟುತ್ತಾರೆ. ಗಂಟೆ ಆಗಲೇ ಮೊಳಗುತ್ತಿತ್ತು. ಕುರ್ಚಿಗಳನ್ನು ಎಳೆದ ಸದ್ದು. ಇಡೀ ತಾರಸಿ ಎದ್ದು ನಡುಭಾಗದ ಉಬ್ಬಿಗೆ ಹರಿಯಿತು. ಮುಂದಿನವರು ರೇಲಿಂಗಿಗೆ ಎದೆ ಕೊಟ್ಟು, ಹಿಂದಿನವರು ಅವರ ಭುಜದ ಮೇಲೆ ಇಣುಕುತ್ತ. ಅವರ ನಡುವೆ ಹೆಂಡತಿಯ ಸೀರೆ. ಅವಳು ಮೊಣಕೈ ಊರಿ, ಕ್ಯಾಲೆಂಡರಿನ ಹೆಂಗಸಿನಂತೆಯೇ ಕತ್ತು ವಾರೆ ಮಾಡಿ ನಿಂತು, ಅವನನ್ನು ಕಂಡು ಕೈ ಬೀಸಿದಳು. ಪಕ್ಕದಲ್ಲಿ ಮಗಳು ಕೆಳಗಿನ ಅಡ್ಡಕಂಬಿಯ ಮೇಲೆ ಹತ್ತಿ ನಿಂತಿದ್ದಳು.

"ರೀ, ಬೇಗ ಬನ್ನಿ! ಒಂದು ಫೋಟೋ!"

ಅವನು ಜನರನ್ನು ನೂಕಿಕೊಂಡು ಹೋದದ್ದು ಅವನಿಗೆ ಆಮೇಲೆ ನೆನಪಿರಲಿಲ್ಲ. ಯಾರದೋ ಲೋಟದಿಂದ ತಣ್ಣನೆಯದೇನೋ ಅವನ ತೋಳಿನ ಮೇಲೆ ಚೆಲ್ಲಿತು. ಮಗಳ ರಟ್ಟೆ ಹಿಡಿದು ಕೆಳಗೆಳೆದ. ಅವಳು "ಅಯ್ಯೋ" ಎಂದಳು. ಹೆಂಡತಿಯ ಕೈ ಹಿಡಿದು ಎಳೆದ. ಅವಳ ಬಳೆ ಅವನ ಬೆರಳಿಗೆ ಒತ್ತಿತು.

"ಏನಾಯ್ತು? ಏನ್ರೀ ಇದು?"

"ನಡಿ. ಬಸ್ಸಿಗೆ ಹೊತ್ತಾಯ್ತು."

"ಬಸ್ಸು ಏಳೂವರೆಗೆ!"

"ನಡಿ ಅಂದೆ."

ಜನ ಸೂರ್ಯನನ್ನು ಬಿಟ್ಟು ಅವರ ಕಡೆ ತಿರುಗಿದರು. ಈಗ ಹೇಳಬಹುದಿತ್ತು. ಈಗಂತೂ ಎಲ್ಲರೂ ಕೇಳಿಸಿಕೊಳ್ಳಲು ತಯಾರಾಗಿಯೇ ಇದ್ದರು, ಅಷ್ಟು ನಿಶ್ಶಬ್ದವಾಗಿತ್ತು. ಯಾರೋ ಒಬ್ಬ, "ಬಿಡಿ ಸಾರ್, ಮನೆಗೆ ಹೋಗಿ ಜಗಳ ಆಡಿ" ಎಂದ, ಕೆಲವರು ನಕ್ಕರು. ಅವನೂ ನಕ್ಕ. ನಕ್ಕು, "ಸಾರಿ" ಅಂದು, ಹೆಂಡತಿಯನ್ನೂ ಮಗಳನ್ನೂ ಗೋಡೆಯ ಕಡೆಗೆ ಕರೆದುಕೊಂಡು ಬಂದ. ಅತ್ತೆ ಒಳ್ಳೆಯ ಬೋಲ್ಟುಗಳ ಕಡೆಯೇ ಕೂತಿದ್ದರು. ಎದ್ದು ಚೀಲ ಎತ್ತಿಕೊಂಡರು. ಬೆನ್ನ ಹಿಂದೆ ಚಪ್ಪಾಳೆ ಎದ್ದಿತು. ಅವನು ತಿರುಗಿ ನೋಡಿದ. ಸಾಲಾಗಿ ನಿಂತ ಬೆನ್ನುಗಳು, ಅವುಗಳಾಚೆ ಕೆಂಪು. ಚಪ್ಪಾಳೆಗೆ ತಕ್ಕಂತೆ ರೇಲಿಂಗಿನ ಮೇಲಿನ ಹೊಳಪು ಒಂದು ತುದಿಯಿಂದ ಇನ್ನೊಂದು ತುದಿಗೆ ಸಣ್ಣಗೆ ನಡುಗುತ್ತಿತ್ತು. ಬೀಳಲಿಲ್ಲ. ಇವತ್ತು ಬೀಳಲಿಲ್ಲ.

ಬಸ್ಸಿನಲ್ಲಿ ಹೆಂಡತಿ ಕಿಟಕಿಯ ಕಡೆ ಮುಖ ಮಾಡಿ ಕೂತಳು. ಊರು ದಾಟಿದ ಮೇಲೆ, ಕಿಟಕಿಗೆ ಹೇಳುವಂತೆ, "ಒಂದು ಕಾಫಿ ಜಾಸ್ತಿ ಆಯ್ತು ಅಂತ ಅಷ್ಟೊಂದಾ?" ಅಂದಳು. ಜಿಪುಣ ಎಂದುಕೊಂಡಳು, ಹಾಗೇ ಅಂದುಕೊಳ್ಳಲಿ ಎಂದು ಅವನಿಗೆ ಒಂದು ಬಗೆಯ ಸಮಾಧಾನವೇ ಆಯಿತು. ಹಿಂದಿನ ಸೀಟಿನಿಂದ ಅತ್ತೆ, "ಅಳಿಯಂದ್ರಿಗೆ ಬೆಳಿಗ್ಗೆಯಿಂದ ಹೊಟ್ಟೆ ಸರಿ ಇಲ್ಲ ಕಣೇ, ಸುಮ್ನಿರು" ಎಂದರು. ಮಗಳು ಅವನ ತೊಡೆಯ ಮೇಲೆ ಕೈಯಿಟ್ಟು ಮುಷ್ಟಿ ಬಿಡಿಸಿದಳು. ರಟ್ಟೆಯ ಮೇಲೆ ಅವನ ನಾಲ್ಕು ಬೆರಳು ಕೆಂಪಾಗಿ ಮೂಡಿದ್ದವು. ಅಂಗೈಯಲ್ಲಿ ಒಂದು ಟೊಪ್ಪಿ, ಅಯಸ್ಕಾಂತ.

"ನೋಡಪ್ಪಾ, ನಿನ್ನ ಅಯಸ್ಕಾಂತಕ್ಕೆ ಮೀಸೆ ಬಂದಿದೆ."

ಟೊಪ್ಪಿಯೊಳಗಿದ್ದ ಕಂದು ಹಕ್ಕಳೆಗಳು ಅದರ ತುಂಬ ನಿಮಿರಿ ನಿಂತಿದ್ದವು. ಹೆಂಡತಿ ತಿರುಗಿ ನೋಡಿದಳು. "ಛೆ, ಅವರದನ್ನ ಯಾಕೆ ತಂದೆ ಗುಬ್ಬಿ? ರೀ, ಅದನ್ನ ಪೋಸ್ಟಲ್ಲಿ ಹಾಕಿ ಕಳಿಸಿಬಿಡಿ, ಒಂದು ಕಾಗದ ಬರೆದು."

"ಕಳಿಸ್ತೀನಿ."

ಅವಳ ಸಿಟ್ಟು ಅಷ್ಟಕ್ಕೇ ಸ್ವಲ್ಪ ಇಳಿಯಿತು. ಅವಳು ಹೆಚ್ಚು ಹೊತ್ತು ಸಿಟ್ಟು ಇಟ್ಟುಕೊಳ್ಳುವವಳಲ್ಲ. ತಲೆಯನ್ನು ಅವನ ಭುಜಕ್ಕೆ ಕೊಟ್ಟು, "ನೀವು ಕೆಳಗೆ ಹೋಗಿದ್ರಲ್ಲ, ಆಗ ಅಣ್ಣನಿಗೆ ಫೋನ್ ಮಾಡಿದ್ದೆ. ಮುಂದಿನ ತಿಂಗಳು ಅವನೂ ಅತ್ತಿಗೆ ಮಕ್ಕಳೂ ಇಲ್ಲಿಗೇ ಬರ್ತಾರಂತೆ. ಗಂಟೆ ಹೊಡೆದಾಗ ಆ ಉಬ್ಬಿರೋ ಕಡೆನೇ ನಿಂತ್ಕೊಳ್ಳಿ, ಅಲ್ಲಿಂದ್ಲೇ ಚೆನ್ನಾಗಿ ಕಾಣೋದು ಅಂತ ಹೇಳಿದೀನಿ" ಅಂದಳು.

"ಒಳ್ಳೇದಾಯ್ತು" ಅಂದ.

ಅವಳು ನಿದ್ದೆ ಹೋದಳು. ಮಗಳೂ ನಿದ್ದೆ ಹೋದಳು. ಅವನು ಕರವಸ್ತ್ರ ತೆಗೆದು ಅಯಸ್ಕಾಂತವನ್ನು ಒರೆಸಿದ. ಒರೆಸಿದಷ್ಟೂ ಹಕ್ಕಳೆಗಳು ಒಂದು ಮಗ್ಗುಲಿಂದ ಇನ್ನೊಂದು ಮಗ್ಗುಲಿಗೆ ಸರಿದು ಮತ್ತೆ ನಿಲ್ಲುತ್ತಿದ್ದವು. ಮೂರನೆಯ ಡಬ್ಬಿಯನ್ನು ನಾನು ಪರೀಕ್ಷಿಸಿರಲಿಲ್ಲ, ಅಲ್ಲಿ ನಿಲ್ಲಬೇಡಿ ಎಂಬುದನ್ನು ಅವನು ಆ ದಿನ ಯಾರಿಗೂ ಹೇಳಲಿಲ್ಲ, ಕಾಗದದಲ್ಲೂ ಬರೆಯಲಿಲ್ಲ, ಆಮೇಲೂ ಹೇಳಲಿಲ್ಲ.